ಪಾಸಾದ ಸೊಸೆಗೆ ಮತ್ತೊಂದು ಪರೀಕ್ಷೆ

ಸೊಸೆ ಫೇಲಾದಳೆಂದು ಒಳಗೊಳಗೇ ಹಿಗ್ಗುವ ಅತ್ತೆಯರನ್ನು ನೀವು ಕಂಡಿರಬಹುದು. ಸೊಸೆ ಓದುವುದೇ ಬೇಡವೆಂದು ಪುಸ್ತಕವನ್ನು ಒಲೆಗೆ ಹಾಕಿದ ಅತ್ತೆಯರ ಕಥೆಯನ್ನೂ ಕೇಳಿರಬಹುದು. ಆದರೆ ಸೊಸೆ ಪಾಸಾದಳೆಂದು ಮುಖ ಊದಿಸಿಕೊಂಡು, ಉಣ್ಣದೆ ಎದ್ದುಹೋದ ಅತ್ತೆಯನ್ನು ಕಂಡಿದ್ದೀರಾ? ಇಲ್ಲವಾದರೆ ತೆಲಂಗಾಣದ ಗಡಿಯ ನಮ್ಮ ಮಕ್ತಲ್‌ಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಡಿಗ್ರಿ ಪಾಸಾದ ಸೊಸೆಯನ್ನು ಮತ್ತೆ ಪರೀಕ್ಷೆಗೆ ಕೂರಿಸಿದಾಕೆಯ ಮನೆ ಯಾವುದು ಎಂದು ಕೇಳಿದರೆ ಸಾಕು, ಆಟೋದವರು ನಗುತ್ತಲೇ ತಂದು ಬಿಡುತ್ತಾರೆ. ಅವರಲ್ಲೊಬ್ಬ ನನ್ನ ಗಂಡ. ಅವನು ಮಾತ್ರ ನಗುವುದಿಲ್ಲ.

ನಮ್ಮತ್ತೆ ಕುರಿ ಕಾಯುವವಳು. ಊರ ಹೊರಗಿನ ನಮ್ಮ ಮನೆಗೆ ಅಂಟಿಕೊಂಡೇ ಕುರಿಹಟ್ಟಿ. ಮಾವ ತೀರಿಕೊಂಡ ಮೇಲೆ ಹಿಂಡಿನ ಪೂರ್ತಿ ಯಜಮಾನಿಕೆ ಆಕೆಯದೇ. ಓದು ಬರಹ ಬಾರದು. ಅದರ ಬದಲು ಒಂದು ಸಿದ್ಧಾಂತವಿದೆ: ಯಾವ ಕೆಲಸವನ್ನಾದರೂ ಒಂದೇ ಸಲ ಮಾಡಿದರೆ ಅದು ಮಾಡಿದಂತಲ್ಲ! ಸಂಜೆ ಹಟ್ಟಿಗೆ ಬಂದ ಕುರಿಗಳನ್ನು ಎರಡು ಸಲ ಎಣಿಸುತ್ತಾಳೆ. ಅದನ್ನು ಎಲ್ಲ ಕುರುಬರೂ ಮಾಡುತ್ತಾರೆ ಅನ್ನಿ. ಆದರೆ ಎರಡು ಎಣಿಕೆಗೆ ಎರಡು ಲೆಕ್ಕ ಬಂದರೆ ಉಳಿದವರು ಗಾಬರಿಯಾಗಿ ಇನ್ನೊಮ್ಮೆ ಎಣಿಸುತ್ತಾರೆ. ನಮ್ಮತ್ತೆ ಎರಡರಲ್ಲಿ ಹೆಚ್ಚು ಬಂದದ್ದನ್ನು ಇಟ್ಟುಕೊಂಡು ನೆಮ್ಮದಿಯಾಗಿ ಮಲಗುತ್ತಾಳೆ!

“ಅವ್ವಾ, ಇರೋವು ಇದ್ದಷ್ಟ ಇರ್ತಾವ. ನೀ ಹೆಚ್ಚು ಹಿಡದ್ರ ಹೆಚ್ಚು ಆಗ್ತಾವೇನು?” ಎಂದು ನನ್ನ ಗಂಡ ಒಮ್ಮೆ ಕೇಳಿದ.

“ಕಡಿಮಿ ಹಿಡದ್ರ ಬೀರಪ್ಪ ಅಷ್ಟ ಸಾಕು ಅಂತಾನಲೇ. ಹೆಚ್ಚು ಹಿಡದ್ರ ತುಂಬಿಸಿ ಕೊಡೋ ಜಿಮ್ಮೇದಾರಿ ಅವನ ಮ್ಯಾಲೆ!”

ದೇವರನ್ನೇ ಹೀಗೆ ಸಿಕ್ಕಿಸುವವಳ ಕೈಗೆ ಯೂನಿವರ್ಸಿಟಿ ಸಿಕ್ಕರೆ ಬಿಟ್ಟಾಳೆಯೇ?

ನನ್ನನ್ನು ನೋಡಲು ಬಂದ ದಿನವೇ ನನಗೆ ಸುಳಿವು ಸಿಗಬೇಕಿತ್ತು. ನನ್ನ ತವರು ಗಟ್ಟು ಕಡೆಯ ಹಳ್ಳಿ. ಚಹಾದ ತಟ್ಟೆ ಹಿಡಿದು ಹೊರಬಂದೆ. ತಟ್ಟೆ ವಾಲಿ ಅರ್ಧ ಚಹಾ ಆಕೆಯ ಮಡಿಲಿಗೆ ಬಿತ್ತು. “ನಿನ್ನ ಹೆಸರೇನವ್ವಾ?” ಎಂದಳು. ಬಾಯಿ ತೆರೆದೆ, ದನಿ ಬರಲಿಲ್ಲ. ನಮ್ಮತ್ತೆ ದಡಕ್ಕನೆ ಎದ್ದಳು. ಮಗನನ್ನು ರಟ್ಟೆ ಹಿಡಿದು ಎಬ್ಬಿಸಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಮ್ಮಪ್ಪ ಕಂಬ ಹಿಡಿದು ಕುಸಿದು ಕುಳಿತ. ಸಂಬಂಧ ಹೋಯಿತೆಂದು ನಮ್ಮವ್ವ ಸೆರಗು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ, ಮುಂದಿನ ಬೇವಿನ ಮರವನ್ನು ಒಂದು ಸುತ್ತು ಹಾಕಿ ಅತ್ತೆ ಮತ್ತೆ ಬಾಗಿಲಿಗೆ ಬಂದು ನಿಂತಿದ್ದಳು!

“ಮನ್ಯಾಗ ಯಾರದಾರ್ರೀ? ಹೆಣ್ಣು ನೋಡಾಕ ಬಂದೀವಿ.”

ನಮ್ಮಪ್ಪ ತಡವರಿಸಿದ. “ಈಗಷ್ಟ ನೋಡಿ ಹೋದ್ರಲ್ರೀ?”

“ಅದು ಬ್ಯಾರೆ. ಪಾಪ, ಹುಡುಗಿ ಅಂಜಿತ್ತು. ಅದನ್ನ ಹಿಡಿಯಾಂಗಿಲ್ಲ. ಈಗ ಹೊಸದಾಗಿ ಬಂದೀವಿ. ಚಾ ತರ್ರಿ.”

ಎರಡನೆಯ ಸಲ ಚಹಾ ಚೆಲ್ಲಲಿಲ್ಲ. ದನಿಯೂ ಬಂತು. ಎಷ್ಟು ಬಂತೆಂದರೆ, ಯಾರೂ ಕೇಳದಿದ್ದರೂ “ನಾ ಡಿಗ್ರಿ ಓದ್ತೀನ್ರಿ” ಎಂದುಬಿಟ್ಟೆ! ಅದು ನನ್ನ ಅಪ್ಪ ಅವ್ವನಿಗೂ ಹೊಸ ಸುದ್ದಿ. ಅಪ್ಪ ಮತ್ತೆ ಕಂಬ ಹುಡುಕಿದ.

ಅತ್ತೆ ಚಹಾ ಕುಡಿದು ಮುಗಿಸಿ, “ಓದು. ಆದ್ರ ಅರ್ಧಾ ಮರ್ಧಾ ನಮ್ಮ ಮನ್ಯಾಗ ನಡಿಯಾಂಗಿಲ್ಲ ನೋಡು” ಎಂದಳು. ಆ ಮಾತಿನ ಅರ್ಥ ನನಗೆ ಆಗ ಎಲ್ಲಿ ತಿಳಿಯಬೇಕು? ಎಂಥ ಒಳ್ಳೆಯ ಅತ್ತೆ ಎಂದು ಕಣ್ಣು ತುಂಬಿಕೊಂಡೆ, ಪೆದ್ದಿ!

ಇಲ್ಲಿ ಸ್ವಲ್ಪ ನನ್ನ ಬಗ್ಗೆ ಹೇಳಿಕೊಳ್ಳುತ್ತೇನೆ, ಸಂಕೋಚವಿಲ್ಲದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮವ್ವ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ಅಪ್ಪ ಕಾಲುವೆ ಕೆಲಸಕ್ಕೆ ಊರೂರು ತಿರುಗಿದವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದೆ, ಇಂಟರ್ಮೀಡಿಯಟ್ ತೆಲುಗಿನಲ್ಲಿ, ಡಿಗ್ರಿ ಇಂಗ್ಲಿಷಿನಲ್ಲಿ. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಯಾರೋ ಏಣಿಯನ್ನೇ ಬದಲಿಸಿದ ಹಾಗೆ! ಮದುವೆಯಾದ ಮೇಲೆ ಮಕ್ತಲ್‌ನಿಂದ ನಾರಾಯಣಪೇಟೆಗೆ ದಿನಾ ಬಸ್ಸು. ಸೀಟು ಸಿಕ್ಕರೆ ಓದುವುದು, ಸಿಗದಿದ್ದರೆ ಕಂಬಿ ಹಿಡಿದು ನೆನಪಿಸಿಕೊಳ್ಳುವುದು. ಸಪ್ಲಿಮೆಂಟರಿ ಎಂಬ ಬಾಗಿಲನ್ನು ಒಮ್ಮೆಯೂ ತಟ್ಟದೆ ಎಲ್ಲ ಪೇಪರನ್ನೂ ಮೊದಲ ಸಲಕ್ಕೇ ಮುಗಿಸಿದೆ. ಇಷ್ಟು ಹೆಮ್ಮೆ ಪಟ್ಟರೆ ತಪ್ಪೇ?

ರಿಸಲ್ಟ್ ಬಂದ ದಿನ ಫೋನ್ ಹಿಡಿದು ಹಟ್ಟಿಗೆ ಓಡಿದೆ. ಅತ್ತೆ ಕುರಿಯ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು.

“ಅತ್ತೀ, ಪಾಸಾದೆ! ಸೆಕೆಂಡ್ ಕ್ಲಾಸ್!”

“ಸೆಕೆಂಡಾ? ಮೊದಲನೇದಾಕಿ ಯಾರ ಮನಿಯಾಕಿ?”

“ಹಂಗಲ್ಲ ಅತ್ತೀ, ಇದು ಓಟದ ಪಂದ್ಯ ಅಲ್ಲ. ಮಾರ್ಕಿನ ಮ್ಯಾಲೆ ಕ್ಲಾಸ್ ಕೊಡ್ತಾರ. ಸ್ವಲ್ಪದಾಗ ತಪ್ತು. ಎಲ್ಲಾದ್ರಾಗೂ ಛಲೋ ಬಂದಾವ, ಅರ್ಥಶಾಸ್ತ್ರದ ಒಂದು ಪೇಪರಿನಾಗ ಅಷ್ಟ ನಲವತ್ತೆರಡು. ಅದೊಂದು ಕೈ ಹಿಡಿದಿದ್ರ ಫಸ್ಟ್ ಕ್ಲಾಸ್ ಆಗ್ತಿತ್ತು.”

ಆಕೆಯ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. ಎಣ್ಣೆಯ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದುಹೋದಳು. ಅಂದು ಉಣ್ಣಲಿಲ್ಲ. ಅತ್ತ ಗಟ್ಟು ಕಡೆ ನಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಾಳೆ. ಇತ್ತ ನಮ್ಮ ಮನೆಯಲ್ಲಿ ಸೂತಕ! ಪಕ್ಕದ ಮನೆಯಾಕೆ ಬಂದು, “ಸೊಸಿ ಪಾಸಾದಳಂತಲ್ಲ?” ಎಂದರೆ, ಅತ್ತೆ ನಿಟ್ಟುಸಿರು ಬಿಟ್ಟು, “ಆಗ್ಯಾಳವ್ವ. ಏನ್ ಮಾಡಾಕ ಬರ್ತೈತಿ?” ಎಂದಳು. ಆಕೆ ಗಾಬರಿಯಿಂದ ನನ್ನ ಕಡೆ ನೋಡಿದಳು, ಪಾಸಾಗುವುದೆಂದರೆ ಯಾವುದೋ ಬೇನೆ ಇರಬೇಕು ಎನ್ನುವಂತೆ.

ಇದು ನಾಲ್ಕು ದಿನದ ಮುನಿಸು, ತಾನೇ ಇಳಿಯುತ್ತದೆ ಅಂದುಕೊಂಡೆ. ಆದರೆ ಹಬ್ಬ ಬಂತು. ಹಬ್ಬಕ್ಕೆ ಕುರಿ ಕೊಳ್ಳಲು, ನಮ್ಮ ಕಾಲೇಜಿನ ಪರೀಕ್ಷಾ ವಿಭಾಗದ ಗುಮಾಸ್ತರೇ ಹಟ್ಟಿಗೆ ಬರಬೇಕೇ! ಅವರು ಟಗರಿನ ಬೆನ್ನು ಒತ್ತಿ ನೋಡುತ್ತಿದ್ದರೆ ಅತ್ತೆ ಅವರನ್ನು ಒತ್ತಿ ನೋಡಿದಳು.

“ಸಾರ್, ಪಾಸಾದೋರು ಹೊಳ್ಳಿ ಪರೀಕ್ಷಿ ಬರೀಬಹುದೇನ್ರಿ?”

“ಬರೀಬಹುದಮ್ಮಾ. ಫೇಲಾದೋರು ಬರದ್ರ ಸಪ್ಲಿಮೆಂಟರಿ. ಪಾಸಾದೋರು ಮಾರ್ಕು ಹೆಚ್ಚು ಮಾಡ್ಕೊಳ್ಳಾಕ ಬರದ್ರ ಇಂಪ್ರೂವ್‌ಮೆಂಟ್. ಒಂದು ಪೇಪರಿಗೆ ಒಂದ ಸಲ. ಆದ್ರ ಒಂದು ಮಾತು...”

ಅಷ್ಟರಲ್ಲಿ ಅವರು ಆರಿಸಿದ ಟಗರು ಹಗ್ಗ ಕಿತ್ತುಕೊಂಡು ಓಡಿತು. ಗುಮಾಸ್ತರು ಅದರ ಹಿಂದೆ ಓಡಿದರು. ನಿಯಮದ ಉಳಿದರ್ಧವೂ ಅವರ ಹಿಂದೆಯೇ ಓಡಿತು.

ಇದಾಗಿ ಎರಡು ದಿನಕ್ಕೆ ನಾನು ಬಟ್ಟೆ ಒಗೆಯುತ್ತಿದ್ದೆ. ಅತ್ತೆ ನನ್ನ ಗಂಡನ ಫೋನಿನಿಂದ ಕರೆ ಮಾಡಿದಳು. “ನಿನ್ನ ಫೋನಿಗೆ ಏನೋ ನಂಬರ ಬರ್ತೈತಂತ. ಬಂದ್ ಕೂಡ್ಲೆ ಹೇಳು.” ಗ್ಯಾಸ್ ಸಿಲಿಂಡರಿನದೆಂದು ತಿಳಿದು, ಸೋಪಿನ ಕೈಯಲ್ಲೇ ಫೋನ್ ಹಿಡಿದು, ಒಂದೊಂದೇ ಅಂಕಿ ಬಿಡಿಸಿ ಹೇಳಿದೆ! ಪದವೀಧರೆ ನಾನು! ಒಟಿಪಿಯನ್ನು ಹೆತ್ತ ತಾಯಿಗೂ ಹೇಳಬಾರದೆಂದು ಇದೇ ಅತ್ತೆಗೆ ಪಾಠ ಮಾಡಿದ್ದವಳು ನಾನು!

ಕೊನೆಯ ಬಟ್ಟೆ ಹಿಂಡುವ ಹೊತ್ತಿಗೆ ತಾಯಿ ಮಗ ಇಬ್ಬರೂ ಆಟೋದಿಂದ ಇಳಿದರು. ಅತ್ತೆಯ ಮುಖದಲ್ಲಿ ರಿಸಲ್ಟಿನ ದಿನದಿಂದ ಕಾಣದ ಕಳೆ.

“ನಿಂದು ಇಂಪ್ರೂಮೆಂಟಿಗೆ ಹಾಕಿ ಬಂದೆ. ಬಜಾರಿನಾಗ ಆ ಕಂಪ್ಯೂಟರ್ ಹುಡುಗ ಎಲ್ಲಾ ತುಂಬಿಕೊಟ್ಟ. ಇವತ್ತ ಕಡೀ ದಿನ ಇತ್ತು.”

ನಾನು ಗಂಡನ ಕಡೆ ತಿರುಗಿದೆ. “ನೀವರ ಹೇಳಬಾರದೇನ್ರಿ?”

“ಅವ್ವ ಹತ್ತಿ ಕುಂತ್ಲು, ನಾ ಓಡಿಸಿದೆ. ಎಲ್ಲಿಗೆ ಅಂತ ಪ್ಯಾಸೆಂಜರನ್ನ ಕೇಳಬಹುದು. ಯಾಕ ಅಂತ ಕೇಳಾಂಗಿಲ್ಲ.”

“ಅತ್ತೀ, ಹೊಳ್ಳಿ ಬರದು ಕಡಿಮಿ ಬಂದ್ರ ಏನ್ ಮಾಡ್ತೀರಿ?”

ಅತ್ತೆ ನಕ್ಕಳು. ಎಷ್ಟು ಓದಿದರೂ ತಿಳಿವಳಿಕೆ ಇಲ್ಲದವರನ್ನು ನೋಡಿ ನಗುವ ನಗೆ ಅದು. “ಕಡಿಮಿ ಹೆಂಗ ಬರ್ತೈತಿ? ಹೋದ ಸಲ ನಲವತ್ತೆರಡು ಅದಾವ. ಈ ಸಲ ಮತ್ತ ನಲವತ್ತೆರಡ ಬರಲಿ, ಕೂಡಿದ್ರ ಎಂಬತ್ತನಾಕು ಆಗ್ತಾವೋ ಇಲ್ಲೋ?”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೂಡಿಸುವುದೇ! ಆದರೆ ಆಕೆಯ ಲೆಕ್ಕಕ್ಕೂ ಒಂದು ನೆಲೆಯಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಎಂದರೆ ಹಿಂಡನ್ನು ಹೊಲದಲ್ಲೇ ಮಲಗಿಸಿಕೊಳ್ಳುತ್ತಾರೆ. ಒಂದು ಸಲ ತರುಬಿದ್ದು ಸಾಲದೆ ಬಂದರೆ ಅದೇ ಹೊಲಕ್ಕೆ ಮತ್ತೊಮ್ಮೆ ಹಿಂಡು ಹೋಗುತ್ತದೆ. ಮೊದಲ ಸಲ ಬಿದ್ದ ಹಿಕ್ಕೆ ಎಲ್ಲಿ ಹೋಗುತ್ತದೆ? ನೆಲದಲ್ಲೇ ಇರುತ್ತದೆ. ಎರಡನೆಯದು ಅದರ ಮೇಲೆ ಬೀಳುತ್ತದೆ. ಯೂನಿವರ್ಸಿಟಿಯ ಹೊಲದಲ್ಲಿ ನನ್ನನ್ನು ಎರಡನೆಯ ಸಲ ತರುಬಲು ಹೊರಟಿದ್ದಳು ನಮ್ಮತ್ತೆ!

ಅರ್ಜಿಯ ಪ್ರತಿ ಫೋನಿಗೆ ಬಂದಿತ್ತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಯಮಗಳು. ದೊಡ್ಡದು ಮಾಡಿ ಓದಿದೆ. ಓದಿದವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಎಷ್ಟೋ ಕಡೆ ಎರಡು ಪ್ರಯತ್ನದಲ್ಲಿ ಹೆಚ್ಚಿನದನ್ನು ಉಳಿಸಿಕೊಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ. ಇಂಪ್ರೂವ್‌ಮೆಂಟಿಗೆ ಅರ್ಜಿ ಹಾಕಿದ ಕ್ಷಣದಿಂದ ಆ ವಿಷಯದ ಹಳೆಯ ಮಾರ್ಕನ್ನು ಬಿಟ್ಟುಕೊಡಬೇಕು. ಹೊಸ ಪರೀಕ್ಷೆಯಲ್ಲಿ ಬಂದದ್ದೇ ಕೊನೆ. ಮೇಲಾಗಿ ಅರ್ಥಶಾಸ್ತ್ರದ ಸಿಲಬಸ್ ಬದಲಾಗುತ್ತಿದೆ. ಹಳೆಯ ಸಿಲಬಸ್ಸಿಗೆ ಇದೇ ಕಡೆಯ ಪರೀಕ್ಷೆ. “ನಾನು ಎಲ್ಲವನ್ನೂ ಓದಿ ಒಪ್ಪಿದ್ದೇನೆ” ಎಂಬಲ್ಲಿ ಕಂಪ್ಯೂಟರ್ ಹುಡುಗ ಟಿಕ್ ಹೊಡೆದಿದ್ದ!

ಅಂದರೆ ಈ ಸಲ ಫೇಲಾದರೆ ನಲವತ್ತೆರಡೂ ಇಲ್ಲ, ಪಾಸೂ ಇಲ್ಲ, ಡಿಗ್ರಿಯೂ ಇಲ್ಲ. ಮೂರು ಭಾಷೆಗಳನ್ನು ದಾಟಿ ಗಳಿಸಿದ್ದು ಒಂದು ಒಟಿಪಿಯಲ್ಲಿ ಒತ್ತೆಗೆ ಬಿತ್ತು.

ಗಂಡ ಮೆಲ್ಲಗೆ ಕೇಳಿದ: “ಹಂಗಾರ ಈಗ ನೀ ಗ್ರಾಜುಯೇಟ್ ಹೌದೋ, ಅಲ್ಲೋ?”

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಕೈಯಲ್ಲಿ ಒದ್ದೆ ಪ್ಯಾಂಟ್ ಇತ್ತು, ಅದು ಕೊಟ್ಟಿತು.

ಅತ್ತೆಗೆ ಬಿಡಿಸಿ ಹೇಳಿದೆ. ಆಕೆ ನಂಬಲಿಲ್ಲ. ಮರುದಿನ ನನ್ನನ್ನು ಎಳೆದುಕೊಂಡೇ ನಾರಾಯಣಪೇಟೆಯ ಕಾಲೇಜಿಗೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೌಂಟರಿನಲ್ಲಿ ನಮ್ಮ ಟಗರಿನ ಗುಮಾಸ್ತರು ಇರಲಿಲ್ಲ. ಯಾರೋ ಹೊಸಬರು, ತೆಲುಗಿನವರು.

“ಏಂಟಮ್ಮಾ, ಅಮ್ಮಾಯಿ ಫೇಲಾ?”

“ಫೇಲ್ ಆಗಿದ್ರ ಇಲ್ಲೀತನ ಯಾಕ ಬರ್ತಿದ್ದೆ ಸಾರ್? ಪಾಸಾಗ್ಯಾಳ. ಅದ ನಮಗ ತ್ರಾಸಾಗೈತಿ.”

ಅವರು ಕನ್ನಡಕ ಸರಿ ಮಾಡಿಕೊಂಡರು. ನಾನು ತೆಲುಗಿನಲ್ಲಿ ವಿವರಿಸಿದೆ. ಅರ್ಜಿ ಹಿಂದಕ್ಕೆ ಪಡೆಯಬಹುದೇ ಎಂದು ಕೇಳಿದೆ. ಒಮ್ಮೆ ಒಪ್ಪಿಸಿದ ಮೇಲೆ ಮುಗಿಯಿತು, ನಿಯಮ ನಿಯಮವೇ ಎಂದರು. ಅದನ್ನು ಅತ್ತೆಗೆ ಹೇಳಿದೆ. ಆಕೆಯ ಕೋಲು ಕೌಂಟರಿನ ಕಟ್ಟೆಗೆ ಬಡಿಯಿತು.

“ದುಡುದು ಗಳಿಸಿದ ಮಾರ್ಕು! ಕಸಗೊಂಡು ಎಲ್ಲಿ ಇಟ್ಟೀರಿ? ಯಾರಿಗೆ ಕೊಟ್ಟೀರಿ? ನಮ್ಮ ನಲವತ್ತೆರಡು ನಮಗ ಕೊಡ್ರಿ, ನಾವು ಮನಿಗೆ ಹೋಗ್ತೀವಿ!”

ಹಿಂದೆ ಸಾಲಿನಲ್ಲಿ ನಿಂತ ಹುಡುಗರು ಚಪ್ಪಾಳೆ ಹೊಡೆದರು. ಅವರಲ್ಲೊಬ್ಬ, “ಅಜ್ಜೀ, ಹಂಗ ನಂದೂ ಒಂದು ಹದಿನೇಳು ಇಲ್ಲೇ ಎಲ್ಲೋ ಬಿದ್ದಾವ, ಸಿಕ್ರ ನೋಡು” ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಗುಮಾಸ್ತರು ಮಾತ್ರ ಎದ್ದು ನಿಂತು ಕೈ ಮುಗಿದು, “ಅಮ್ಮಾ, ಮಂಚಿಗಾ ಚದಿವಿಂಚಂಡಿ” ಎಂದರು. ಚೆನ್ನಾಗಿ ಓದಿಸಿ ಎಂದರ್ಥ.

ಅತ್ತೆಯನ್ನು ಬಸ್ ಹತ್ತಿಸಿದೆ. ಊರು ಹತ್ತಿರ ಬಂದಾಗ, “ಈ ಸಲ ಹೋದ್ರ ಎಲ್ಲಾ ಹೋಗ್ತೈತಾ?” ಎಂದಳು.

“ಎಲ್ಲಾ ಹೋಗ್ತೈತಿ.”

ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡಳು. ಚಳಿಯೇನೂ ಇರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ತುರ್ತು ಪರಿಸ್ಥಿತಿ! ನಾನು ಪೊರಕೆ ಹಿಡಿದರೆ ಕಸಿದುಕೊಳ್ಳುತ್ತಾಳೆ. ಕೊಡ ಎತ್ತಿದರೆ ಬೈಯುತ್ತಾಳೆ. ಅತ್ತೆ ಕೊಡ ಹೊತ್ತು ತರುವುದು, ಸೊಸೆ ಕಟ್ಟೆಯ ಮೇಲೆ ಕಾಲು ನೀಡಿ ಪುಸ್ತಕ ಹಿಡಿದು ಕೂರುವುದು! ಓಣಿಯವರು ಬಂದು ಬಂದು ನೋಡಿದರು. ಎಲ್ಲರ ಕಣ್ಣಿಗೂ ನಾನೇ ಖಳನಾಯಕಿ. “ಓದಿದ ಸೊಸಿ ಬ್ಯಾಡಂತ ಅದಕ್ಕ ಅಂತಾರ” ಎಂದು ಒಬ್ಬಾಕೆ ನನಗೆ ಕೇಳುವಂತೆಯೇ ಹೇಳಿ ಹೋದಳು. ನಾನು ಏನೆಂದು ಉತ್ತರಿಸಲಿ? ಓದುತ್ತಿರುವುದು ನಾನಲ್ಲ, ಓದಿಸಿಕೊಳ್ಳುತ್ತಿದ್ದೇನೆ ಎನ್ನಲೇ?

ದೇವರ ಖಾತೆಯೂ ಬದಲಾಯಿತು. ಮೊದಲ ಪರೀಕ್ಷೆಗೆ ಹರಕೆ ಹೊತ್ತದ್ದು ಬೀರಪ್ಪನಿಗೆ. ಈ ಸಲ ಅತ್ತೆ ನೇರವಾಗಿ ಮೈಲಾರನ ಗುಡಿಗೆ ಹೋದಳು. “ಬೀರಪ್ಪ ಮುನಿಸ್ಕೊಳ್ಳಾಂಗಿಲ್ಲೇನ್ರೀ ಅತ್ತೀ?” ಎಂದೆ. “ಅವನಿಗೂ ಒಂದ ಸಲ ಅಷ್ಟ ಅವಕಾಶ. ಸೆಕೆಂಡ್ ಕ್ಲಾಸ್ ಕೊಟ್ಟು ಕುಂತ. ಈಗ ಇನ್ನೊಬ್ಬರ ಕೈಗುಣ ನೋಡೋಣು!”

ಓದಿದ್ದನ್ನು ನಾನು ಆಕೆಗೆ ಒಪ್ಪಿಸಬೇಕು. ತಿಳಿಯದಿದ್ದರೂ ಸರಿ, ಕೇಳಬೇಕು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಬಂತು. ಹೆಸರಷ್ಟೇ ಭಾರ, ವಿಷಯ ಹಗುರ. ಆಕೆಗೆ ಸುಲಭವಾಗಲೆಂದು ರೊಟ್ಟಿಯ ಉದಾಹರಣೆ ಕೊಟ್ಟೆ. “ಹಸಿದಾಗ ಮೊದಲನೇ ರೊಟ್ಟಿ ಭಾಳ ರುಚಿ ಅನ್ನಸ್ತೈತಿ. ಎರಡನೇದು ಸ್ವಲ್ಪ ಕಡಿಮಿ. ಮೂರನೇದು ಇನ್ನೂ ಕಡಿಮಿ. ನಾಕನೇದು ಬ್ಯಾಡ ಅನ್ನಸ್ತೈತಿ.”

ಅತ್ತೆಯ ಮುಖ ಕಪ್ಪಿಟ್ಟಿತು. “ಮುಂಜಾನಿಂದ ಹೊಗಿ ಕುಡುದು ರೊಟ್ಟಿ ಬಡದೀನಿ. ಮೂರನೇದು ರುಚಿ ಇಲ್ಲಂತಿ?”

“ಅಯ್ಯೋ, ನಿಮ್ಮ ರೊಟ್ಟಿ ಅಲ್ರೀ. ಪುಸ್ತಕದಾಗಿನ ರೊಟ್ಟಿ.”

“ಪುಸ್ತಕದಾಗ ಯಾರು ರೊಟ್ಟಿ ಬಡೀತಾರ? ತಿನ್ನು, ನಾಕನೇದೂ ತಿನ್ನು. ರುಚಿ ಹೆಂಗ ಕಡಿಮಿ ಆಗ್ತೈತಿ ನಾನೂ ನೋಡ್ತೀನಿ!”

ತಿಂದೆ. ಐದನೆಯದನ್ನೂ ತಿಂದೆ. ಆ ನಿಯಮವನ್ನು ಹೊಟ್ಟೆ ತುಂಬ ಅರಗಿಸಿಕೊಂಡ ವಿದ್ಯಾರ್ಥಿನಿ ಇಡೀ ತೆಲಂಗಾಣದಲ್ಲಿ ನಾನೊಬ್ಬಳೇ ಇರಬೇಕು.

ಪರೀಕ್ಷೆಯ ಕೇಂದ್ರ ಗದ್ವಾಲಿಗೆ ಬಿದ್ದಿತ್ತು. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಅತ್ತೆ ಮಾತ್ರ ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕೆಂದಳು. ಒಂದು ಬಸ್ಸು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮಗನ ಆಟೋ, ಆಟೋವೂ ಕೆಟ್ಟರೆ ನಡೆದಾದರೂ ಹೊತ್ತಿಗೆ ಮುಟ್ಟಬೇಕಂತೆ! ಚೀಲ ಹಿಡಿದು ಹೊರಟೆವು. ಅಷ್ಟರಲ್ಲಿ ಹಟ್ಟಿಯಿಂದ ನನ್ನ ಗಂಡ ಕೂಗಿದ.

“ಅವ್ವಾ, ಆ ಕರೇಕುರಿ ಈಯಾಕ ಹತ್ತೈತಿ! ತ್ರಾಸ ಪಡಾಕತ್ತೈತಿ, ಬಾ!”

ನಾನು ಚೀಲ ಕೆಳಗಿಟ್ಟೆ. ಈಯುವ ಕುರಿಯನ್ನು ಬಿಟ್ಟು ಸ್ವಂತ ತಮ್ಮನ ಮದುವೆಗೂ ಹೋಗದವಳು ನಮ್ಮತ್ತೆ. ಆಕೆ ತಿರುಗಿಯೂ ನೋಡದೆ ನನ್ನ ಚೀಲ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು.

“ನೀ ನೋಡ್ಕೋಲೇ. ನಾವು ಪರೀಕ್ಷಿಗೆ ಹೊಂಟೀವಿ.”

ಗಂಡ ಬಾಗಿಲಲ್ಲಿ ಬಾಯಿ ತೆರೆದು ನಿಂತ. ನನ್ನ ಬಾಯಿಯೂ ಮುಚ್ಚಿರಲಿಲ್ಲ.

ಗದ್ವಾಲಿನ ಆ ಕಾಲೇಜಿನ ಗೇಟು ಮುಟ್ಟಿದಾಗ ಅಲ್ಲಿ ಒಂದು ನಾಯಿ, ಒಬ್ಬ ವಾಚ್‌ಮನ್, ಇಬ್ಬರೂ ಮಲಗಿದ್ದರು. ಅತ್ತೆ ಇಬ್ಬರನ್ನೂ ಎಬ್ಬಿಸಿದಳು.

“ಗೇಟ್ ತಗೀಪಾ, ಪರೀಕ್ಷಿ ಐತಿ.”

“ಅಮ್ಮಾ, ಪರೀಕ್ಷ ರೆಂಡು ಗಂಟಲಕಿ!”

“ಗೊತ್ತೈತಿ. ಎರಡು ಹೊಡಿಯೂತನ ಒಳಗ ಕುಂದ್ರಲಿ. ನಿಂದೇನ್ ಹೋಗ್ತೈತಿ?”

ಎಂಥ ವಾದವೂ ನಡೆಯಲಿಲ್ಲ. ಗೇಟಿನ ಮುಂದಿನ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಬಿಸಿಲು ತಿರುಗಿದಂತೆಲ್ಲ ತಾನೂ ತಿರುಗುತ್ತ ಕಂಬಳಿಯನ್ನು ನೆರಳಿಗೆ ಹಿಡಿದಳು. ಹೋಗಿ ಬರುವವರನ್ನೆಲ್ಲ ಟೈಮ್ ಎಷ್ಟೆಂದು ಕೇಳಿದಳು. ಹೇಳಿದವರು ಮುಂದೆ ಹೋದಮೇಲೆ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಗೇಟು ತೆರೆದಾಗ ಮೊದಲು ಒಳಗೆ ಹೋದವಳು ನಾನೇ. ಸೂಪರ್‌ವೈಸರು ಬರುವ ಮೊದಲೇ ಬೆಂಚಿನಲ್ಲಿ ಕುಳಿತಿದ್ದೆ.

ಪಕ್ಕದಲ್ಲಿ ಕುಳಿತ ಹುಡುಗಿ ಸಪ್ಲಿಮೆಂಟರಿಯವಳು. “ನಿಂದೆಷ್ಟು ಪೇಪರ್ ಉಳದಾವಕ್ಕಾ?” ಎಂದಳು.

“ಒಂದೂ ಇಲ್ಲ.”

“ಮತ್ತ ಯಾಕ ಬಂದಿ?”

“ನಮ್ಮತ್ತಿ ಕಳಿಸ್ಯಾಳ.”

ಆಕೆ ಪೆನ್ನು ಕೆಳಗಿಟ್ಟು ನನ್ನ ಕೈ ಹಿಡಿದಳು. “ಎಂಥಾಕಿ ಸಿಕ್ಕಾಳವ್ವಾ ನಿನಗ!” ಆ ದನಿಯಲ್ಲಿ ಎಷ್ಟು ಕರುಣೆ ಇತ್ತೆಂದರೆ ನನಗೇ ಕಣ್ಣೀರು ಬರುವಂತಾಯಿತು.

ಪ್ರಶ್ನೆಪತ್ರಿಕೆ ಬಂತು. ಈ ಹಾಳೆಯಿಂದ ನಾನು ಪದವೀಧರೆಯಾಗಿ ಹೊರಗೆ ಹೋಗಬೇಕು, ಇಲ್ಲವೇ ಇಂಟರ್ ಪಾಸಾದ ಹುಡುಗಿಯಾಗಿ. ಕಿಟಕಿಯಾಚೆ ದೂರದಲ್ಲಿ ಗೇಟಿನ ಸರಳು ಹಿಡಿದು ನಿಂತ ಕಂಬಳಿ ಕಾಣುತ್ತಿತ್ತು. ಬರೆದೆ. ಕೊನೆಯ ಬೆಲ್ ಹೊಡೆಯುವವರೆಗೂ ಬರೆದೆ. ಹೊರಗೆ ಬಂದಾಗ ಅತ್ತೆ ಪೇಪರ್ ಹೇಗಾಯಿತೆಂದು ಕೇಳಲಿಲ್ಲ. “ಪೂರಾ ಟೈಮ್ ಸಿಕ್ತಾ?” ಎಂದಳು. ಸಿಕ್ಕಿತು ಎಂದೆ. ಆಮೇಲೆ ಇಬ್ಬರೂ ಒಂದೊಂದು ಲೋಟ ಕಬ್ಬಿನ ಹಾಲು ಕುಡಿದೆವು. ಆಕೆ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲವೆಂದು ಆಗ ಗೊತ್ತಾಯಿತು.

ಮುಂದಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೋ ಆ ಮೈಲಾರನಿಗೇ ಗೊತ್ತು. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಯಾರಾದರೂ “ಏನು ಓದೀರಿ?” ಎಂದರೆ ಬಾಯಿ ಕಟ್ಟುತ್ತಿತ್ತು. ಡಿಗ್ರಿ ಎಂದರೆ ಸುಳ್ಳಾದೀತು, ಇಂಟರ್ ಎಂದರೆ ಹೊಟ್ಟೆ ಉರಿದೀತು. “ರಿಸಲ್ಟ್ ಬರಬೇಕು” ಎನ್ನುತ್ತಿದ್ದೆ. “ಇನ್ನೂ?” ಎನ್ನುತ್ತಿದ್ದರು.

ಕೊನೆಗೂ ಬಂತು. ಒಂದು ಸಂಜೆ, ಗಂಡನ ಆಟೋದಲ್ಲೇ ಕುಳಿತು ಫೋನಿನಲ್ಲಿ ನೋಡಿದೆ. ಅರ್ಥಶಾಸ್ತ್ರ: ಎಪ್ಪತ್ತೊಂದು! ಒಟ್ಟು ಫಲಿತಾಂಶ: ಪ್ರಥಮ ದರ್ಜೆ! ಗಂಡ ಆಟೋವನ್ನು ರಸ್ತೆ ಮಧ್ಯದಲ್ಲೇ ನಿಲ್ಲಿಸಿ ಹಾರ್ನ್ ಹೊಡೆದ. ಹಿಂದಿನ ಲಾರಿಯವನು ಅದಕ್ಕಿಂತ ಜೋರಾಗಿ ಹೊಡೆದ. ನಾನು ಇಳಿದು ಹಟ್ಟಿಗೆ ಓಡಿದೆ.

ಅತ್ತೆ ಮೂಲೆಯಲ್ಲಿ ಕುಳಿತು ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

“ಅತ್ತೀ! ಫಸ್ಟ್ ಕ್ಲಾಸ್!”

“ಹ್ಞೂಂ” ಎಂದಳು. ಸೊಪ್ಪು ಕಟ್ಟುವುದನ್ನು ಬಿಡಲಿಲ್ಲ.

ಇಷ್ಟು ದಿನದ ಆಘಾತಗಳೆಲ್ಲ ಒಂದು ತೂಕ, ಇದೊಂದೇ ಒಂದು ತೂಕ! ನನ್ನ ಪಾಸನ್ನು ಕಿತ್ತು ಪಣಕ್ಕಿಟ್ಟವಳು, ನನಗೆ ಐದು ರೊಟ್ಟಿ ತಿನ್ನಿಸಿದವಳು, ಕೌಂಟರಿನಲ್ಲಿ ಕೋಲು ಬಡಿದವಳು, ಈಗ ಬರೀ ಹ್ಞೂಂ?

“ಎಷ್ಟು ಬಂದಾವ ಅಂತರ ಕೇಳಾಂಗಿಲ್ಲೇನ್ರೀ?”

“ನನಗ್ಯಾಕ ಬೇಕು? ಅವು ನಿನ್ನ ಮಾರ್ಕು.” ಸೊಪ್ಪಿನ ಕಟ್ಟನ್ನು ಬಿಗಿದು ಗಂಟು ಹಾಕಿದಳು. “ಆ ನಲವತ್ತೆರಡು ನನ್ನವು.”

ಆಗ ನೆನಪಾಯಿತು. ಮೊದಲ ಸಲದ ಅರ್ಥಶಾಸ್ತ್ರದ ಪರೀಕ್ಷೆಯ ಬೆಳಿಗ್ಗೆ, ನಾನು ಬಸ್ಸಿಗೆ ಹೊರಟು ನಿಂತಾಗ ಒಂದು ಕುರಿಗೆ ಹೆರಿಗೆಯಲ್ಲಿ ಮರಿ ಅಡ್ಡ ಸಿಕ್ಕಿತ್ತು. ಅತ್ತೆಯ ಕೈ ದೊಡ್ಡದು, ನನ್ನದು ಸಣ್ಣದು. ಕರೆದಳು, ಹೋದೆ. ಮರಿಯನ್ನು ತಿರುಗಿಸಿ ಹೊರಗೆ ತೆಗೆದು ಕೈ ತೊಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು. ಪರೀಕ್ಷೆಗೆ ಅರ್ಧ ತಾಸು ತಡವಾಯಿತು. ಮನೆಯೆಂದ ಮೇಲೆ ಇವೆಲ್ಲ ಇದ್ದದ್ದೇ. ನಾನದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಸಂಜೆ ಬಂದಾಗ ಆಕೆಯೂ ಕೇಳಿರಲಿಲ್ಲ. ಮರಿ ಬದುಕಿತ್ತು, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

“ಅವತ್ತು ನಿನ್ನ ಕರೀಬಾರದಿತ್ತವ್ವಾ” ಎಂದಳು ಅತ್ತೆ, ಮುಖ ಎತ್ತದೆ. “ನಿನ್ನ ಅರ್ಧ ತಾಸು ನಾ ತಿಂದೆ. ರಿಸಲ್ಟ್ ಬಂದ ದಿನ ನೀ ನಲವತ್ತೆರಡು ಅಂದಿ, ಅನ್ನ ಗಂಟಲಾಗ ಇಳೀಲಿಲ್ಲ. ತಿಂದದ್ದನ್ನ ಹೊಳ್ಳಿ ಕೊಡಾಕ ಬರ್ತೈತಿ ಅಂತ ಟಗರು ಕೊಳ್ಳಾಕ ಬಂದ ಸಾರ್ ಹೇಳಿದ. ಬಿಡ್ತೀನೇನು?”

ಸೀರೆ ಕೊಳೆಯಾದೀತೆಂದು ನೋಡದೆ ಆಕೆಯ ಪಕ್ಕದಲ್ಲಿ ಹಿಕ್ಕೆಯ ನೆಲದ ಮೇಲೆ ಕುಳಿತೆ. ಆಕೆ ಸ್ವಲ್ಪ ಸರಿದು ಜಾಗ ಕೊಟ್ಟಳು.